ಬೋರಣ್ಣನ ಕಿವಿಯ ಹತ್ತಿ

ವಿದ್ಯೆ ಎಷ್ಟು ಹೊತ್ತರೂ ಭಾರವಾಗದು ಎಂದು ಬೇರೆ ಊರುಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರಂತೆ. ಹಾಗೆ ಹೇಳಿದವರು ಒಮ್ಮೆ ನಮ್ಮ ಊರಿಗೆ ಬರಲಿ. ಹೈಸ್ಕೂಲಿನ ಗಣಿತದ ಮೇಷ್ಟರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಏರು ಹತ್ತಿಸಲಿ. ಆಮೇಲೆ ಮಾತಾಡೋಣ. ಮೇಷ್ಟರು ನೋಡಲು ಒಣಗಿದ ನುಗ್ಗೆಕಾಯಿ, ಕೂತರೆ ಮಾತ್ರ ಹಿಂದಿನ ಚಕ್ರ ಚಪ್ಪಟೆ. ನಮ್ಮಲ್ಲಿ ಕಲಿತದ್ದು ತೂಗುತ್ತದೆ. ಲೆಕ್ಕ ಹಿಮ್ಮಡಿಗೆ ಇಳಿಯುತ್ತದೆ, ಚರಿತ್ರೆ ಸೊಂಟದಲ್ಲಿ ಕೂರುತ್ತದೆ, ಸಂಗೀತ ಹೆಗಲ ಮೇಲೆ, ಕಾನೂನು ದವಡೆಯಲ್ಲಿ. ಜಟಕಾದವರು ಬಾಡಿಗೆ ಹೇಳುವ ಮೊದಲು ಎಲ್ಲಿಗೆ ಹೋಗಬೇಕು ಎಂದು ಕೇಳುವುದಿಲ್ಲ, ಏನು ಓದಿದ್ದೀರಿ ಎಂದು ಕೇಳುತ್ತಾರೆ.

ಮದುವೆಯಲ್ಲಿ ಗಂಡು ಹಸೆಮಣೆಯ ಮೇಲೆ ಕೂತಾಗ ಮಣೆ ಕಿರ್ ಎನ್ನಬೇಕು. ಅನ್ನದಿದ್ದರೆ ಹೆಣ್ಣಿನ ಕಡೆಯ ಅಜ್ಜಿಯರು ಮೂಗು ಮುರಿಯುತ್ತಾರೆ. ನಾನು ಹತ್ತನೆಯ ತರಗತಿಯಲ್ಲಿ ಡುಮ್ಕಿ ಹೊಡೆದು ಪುಸ್ತಕಕ್ಕೆ ದೊಡ್ಡ ನಮಸ್ಕಾರ ಹಾಕಿದವನು. ನನ್ನ ಮದುವೆಯ ದಿನ ಸೋದರಮಾವ ಪಂಚೆಯೊಳಗೆ ನನ್ನ ಸೊಂಟಕ್ಕೆ ಮರಳಿನ ಚೀಲ ಬಿಗಿದು ಕಳಿಸಿದ. ಮಣೆಯೇನೋ ಕಿರ್ ಎಂದಿತು. ಆದರೆ ಧಾರೆ ಎರೆಯುವ ಹೊತ್ತಿಗೆ ಚೀಲದ ಹೊಲಿಗೆ ಬಿಚ್ಚಿ ಮರಳು ಸೋರತೊಡಗಿತು. ನನ್ನ ಹೆಂಡತಿ ಜಲಜ ಆ ಮರಳನ್ನು ಇವತ್ತಿಗೂ ಮರೆತಿಲ್ಲ.

ನನ್ನದು ಸೋಡಾ ಅಂಗಡಿ, ಸುಂಕದ ಕಟ್ಟೆಯ ಪಕ್ಕದಲ್ಲೇ. ನಮ್ಮ ಊರು ಹೊಳೆಯ ಈಚೆ ದಡದಲ್ಲಿದೆ, ಕಾಲೇಜು ಆಚೆ ದಡದಲ್ಲಿ. ನಡುವೆ ಸೇತುವೆ. ಸೇತುವೆ ಹತ್ತುವ ಮುನ್ನ ತಕ್ಕಡಿ. ಎಮ್ಮೆ ನಿಲ್ಲುವಷ್ಟು ದೊಡ್ಡ ಎರಡು ತಟ್ಟೆಗಳು. ಒಂದರಲ್ಲಿ ದಾಟುವವರು ಕೂರಬೇಕು, ಇನ್ನೊಂದರಲ್ಲಿ ತೂಕದ ಬೋರಣ್ಣ ಕೂತಿರುತ್ತಾನೆ. ನಮ್ಮ ಊರಿನ ತೂಕದ ಕಲ್ಲು ಬೋರಣ್ಣನೇ. ಅವನ ಅಪ್ಪ, ತಾತ, ಮುತ್ತಾತ ಎಲ್ಲರೂ ಹಾಗೇ ಆ ತಟ್ಟೆಯಲ್ಲಿ ಕೂತು ಬಾಳು ಸವೆಸಿದವರು. ತೂಕದವರ ಮನೆಯಲ್ಲಿ ಯಾರೂ ಏನನ್ನೂ ಕಲಿಯಬಾರದು. ಕಲಿತರೆ ಊರಿನ ಅಳತೆ ಕೆಡುತ್ತದಲ್ಲ! ಅದಕ್ಕೆ ಬದಲಾಗಿ ಪುರಸಭೆ ಅವರಿಗೆ ಮನೆ ಕೊಟ್ಟಿತ್ತು, ಅಕ್ಕಿ ಕೊಡುತ್ತಿತ್ತು. ಕೆಲಸದ ಹೊತ್ತಿನಲ್ಲಿ ಯಾರ ಮಾತೂ ಒಳಗೆ ಹೋಗದಿರಲಿ ಎಂದು ಕಿವಿಗೆ ಹತ್ತಿ ತುರುಕಿಕೊಳ್ಳಬೇಕಿತ್ತು. ಉಂಡ ಅನ್ನದ ತೂಕವನ್ನು ಆ ತಕ್ಕಡಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕಲಿತದ್ದನ್ನು, ಕಟ್ಟೆಯ ಕಲ್ಲನ್ನು ಮಾತ್ರ ಹಿಡಿಯುತ್ತದೆ. ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ನನ್ನನ್ನು ಕೇಳಬೇಡಿ, ನಾನು ಸೋಡಾ ಮಾರುವವನು.

ನಿಮ್ಮ ತಟ್ಟೆ ಕೆಳಗಿಳಿದರೆ ಬೋರಣ್ಣ ಪಕ್ಕದ ರಾಶಿಯಿಂದ ಒಂದೊಂದೇ ಕಲ್ಲು ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾ ಹೋಗುವನು. ಎರಡೂ ತಟ್ಟೆ ಸಮವಾದಾಗ ಅವನ ಮಡಿಲಲ್ಲಿ ಎಷ್ಟು ಕಲ್ಲಿದೆಯೋ ಅಷ್ಟು ನಿಮ್ಮ ಸುಂಕ. ಅಷ್ಟು ಕಲ್ಲನ್ನು ಹೊಳೆಯಿಂದ ಎತ್ತಿ ತಂದು ದಂಡೆಗೆ ಪೇರಿಸಿದ ಮೇಲೆಯೇ ಸೇತುವೆ. ಡಾಕ್ಟರು, ವಕೀಲರು ಕೂಲಿಯವರನ್ನು ಇಟ್ಟು ಎತ್ತಿಸುತ್ತಿದ್ದರು. ಓದುವ ಮಕ್ಕಳಿಗೆ ಮೊದಲಿನಿಂದಲೂ ವಿನಾಯಿತಿ ಇತ್ತು. ಒಲೆಯ ಮೇಲೆ ಬೇಯುತ್ತಿರುವ ಅನ್ನವನ್ನು ಯಾರೂ ಇಳಿಸಿ ತೂಗುವುದಿಲ್ಲ ಎಂದು ಹಿರಿಯರು ಹೇಳಿಹೋಗಿದ್ದರು.

ಆ ಮಾತಿಗೆ ಕಲ್ಲು ಹಾಕಿದವರು ಪುರಸಭೆಯ ಹೊಸ ಅಧ್ಯಕ್ಷ ಚನ್ನಮಲ್ಲಪ್ಪನವರು. ಅವರಿಗೆ ಸೇತುವೆಯ ಬಾಯಲ್ಲಿ ತಮ್ಮ ಹೆಸರಿನ ಕಮಾನು ಕಟ್ಟಿಸುವ ಹುಚ್ಚು ಹಿಡಿದಿತ್ತು, ಅದಕ್ಕೆ ಕಲ್ಲು ಸಾಲದಾಗಿತ್ತು. ಕೂತು ಯೋಚಿಸಿದರು. ಬಿ.ಎ., ಬಿ.ಎಸ್ಸಿ. ಮಕ್ಕಳಾದರೆ ಶುಲ್ಕ ಕಟ್ಟುತ್ತಾರೆ, ಅವರ ಅಪ್ಪಂದಿರಿಗೆ ಓಟೂ ಇದೆ. ಅದರ ಮೇಲಿನ ಓದಿಗೆ, ಸಂಶೋಧನೆಗೆ ಎಂದು ಕೂತವರು ಮಾತ್ರ ಶುಲ್ಕ ಕಟ್ಟುವುದಿಲ್ಲ. ಕಟ್ಟಬೇಕಾದದ್ದು ಕಟ್ಟದೆ ಉಳಿದರೆ ಅದು ಗಳಿಕೆ, ಗಳಿಕೆಗೆ ಸುಂಕ ಎಂದು ಊರೆಲ್ಲ ಟಾಂ ಟಾಂ ಹೊಡೆಸಿದರು.

ಈಗ ಶಾಂಭವಿಯ ವಿಷಯಕ್ಕೆ ಬರುತ್ತೇನೆ. ಹಿಟ್ಟಿನ ಗಿರಣಿ ತಿಮ್ಮಕ್ಕನ ಒಬ್ಬಳೇ ಮಗಳು. ಚಿಕ್ಕಂದಿನಿಂದ ಗಿರಣಿಯ ಬಾಗಿಲಲ್ಲಿ ಕಾಳು ಹೆಕ್ಕಲು ಬರುವ ಹಕ್ಕಿಗಳನ್ನು ನೋಡುತ್ತಾ ಬೆಳೆದವಳು, ದೊಡ್ಡವಳಾಗಿ ಗೀಜಗನ ಗೂಡಿನ ಮೇಲೆ ಸಂಶೋಧನೆಗೆ ಕೂತಿದ್ದಳು. ಬರವಣಿಗೆ ಮುಗಿಯುತ್ತಾ ಬಂದಿತ್ತು. ಉಳಿದದ್ದು ಕೊನೆಯ ಅಧ್ಯಾಯ ಮತ್ತು ಬೇರೆ ಊರಿನ ಪಂಡಿತರ ಮುಂದೆ ಕೂತು ಉತ್ತರ ಹೇಳುವ ಪರೀಕ್ಷೆ. ಅವಳ ಗುರುಗಳು ಬೇಸಿಗೆಗೆ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಮುಗಿಸದಿದ್ದರೆ ಇಷ್ಟು ವರ್ಷದ ಕೆಲಸಕ್ಕೆ ದಿಕ್ಕಿಲ್ಲ, ಇನ್ನೊಬ್ಬರ ಕೈಕೆಳಗೆ ಮೊದಲಿನಿಂದ ಶುರು ಮಾಡಬೇಕು.

ಟಾಂ ಟಾಂ ಕೇಳಿದವಳೇ ಅವಳು ನೆಟ್ಟಗೆ ಪುರಸಭೆಗೆ ಹೋದಳು. ನಾನೂ ಸೋಡಾ ಕೊಡುವ ನೆಪದಲ್ಲಿ ಹಿಂದೆಯೇ ಹೋದೆ.

"ಸಾರ್, ಆ ಶುಲ್ಕ ನನ್ನ ಕೈಗೆ ಬಂದೇ ಇಲ್ಲ. ಅದರ ಬದಲು ನಾನು ಬಿ.ಎಸ್ಸಿ. ಮಕ್ಕಳಿಗೆ ಪಾಠ ಮಾಡ್ತೀನಿ" ಎಂದಳು.

"ನೋಡಮ್ಮಾ, ಹೊಟ್ಟೆಗೆ ಹೋದ ಹೋಳಿಗೆ ಕೈಯಲ್ಲಿ ಕಾಣುತ್ತಾ? ತಿಂದದ್ದು ತಿಂದದ್ದೇ" ಎಂದರು ಅಧ್ಯಕ್ಷರು.

"ನಾನು ತಿಂದಿಲ್ಲ ಸಾರ್. ಬಡಿಸಿದ್ದೀನಿ."

"ಮಾತು ಚೆನ್ನಾಗಿ ಕಲಿತಿದ್ದೀಯ. ಅದನ್ನೂ ಸೇರಿಸಿ ತೂಗಿಸೋಣ" ಎಂದು ನಕ್ಕು ಅವರು ನನ್ನ ಕೈಯಿಂದ ಸೋಡಾ ಇಸಕೊಂಡರು. ಕಾಸು ಮಾತ್ರ ಕೊಡಲಿಲ್ಲ.

ಅಂದಿನಿಂದ ಶಾಂಭವಿಯ ಬೆಳಗು ಹೊಳೆಯಲ್ಲಿ ಕಳೆಯತೊಡಗಿತು. ತಟ್ಟೆಯಲ್ಲಿ ಕೂರುವಳು, ತಟ್ಟೆ ದಡಕ್ಕನೆ ಇಳಿಯುವುದು, ಬೋರಣ್ಣನ ಮಡಿಲು ತುಂಬುವುದು. ಆಮೇಲೆ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಕಲ್ಲು ಹೊರುವಳು. ಕಾಲೇಜು ಸೇರುವಷ್ಟರಲ್ಲಿ ಮಧ್ಯಾಹ್ನ. ಬೆರಳು ಬಿರಿದು ಪೆನ್ನು ಹಿಡಿಯಲು ಆಗದು. ಹಟ ಹಿಡಿದು ಮನೆಯಲ್ಲಿ ನಾಲ್ಕು ಪುಟ ಓದಿದರೆ ಮರುದಿನ ಮಡಿಲಿಗೆ ಇನ್ನೊಂದು ಕಲ್ಲು. ಓದಿದಷ್ಟೂ ಹೊರಬೇಕು, ಹೊತ್ತಷ್ಟೂ ಓದಲಾಗದು. ಅವಳ ಜೊತೆಯವರು ಒಬ್ಬೊಬ್ಬರಾಗಿ ಕಳಚಿಕೊಂಡರು. ನಕ್ಷತ್ರ ಓದುತ್ತಿದ್ದ ಹುಡುಗನಂತೂ ಮರೆಯಲು ಹೊಸ ಉಪಾಯ ಕಂಡುಹಿಡಿದ. ಬೆಳಗಿನಿಂದ ಸಂಜೆಯವರೆಗೆ ಅಧ್ಯಕ್ಷರ ಭಾಷಣ ಕೇಳಿ ಕೇಳಿ ಹತ್ತಿಯಂತೆ ಹಗುರಾಗಿ, ಪೇಟೆಯಲ್ಲಿ ಗಾಳಿಪಟದ ಅಂಗಡಿ ಇಟ್ಟ. ತಿಮ್ಮಕ್ಕ ಮಗಳ ಅಂಗೈ ನೋಡಿ, "ಸಾಕು ಬಿಡು ತಾಯಿ, ಗಿರಣಿ ಇದೆಯಲ್ಲ" ಎಂದಳು.

ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಎನ್ನುತ್ತಾರಲ್ಲ, ಆ ಗಾದೆ ಹುಟ್ಟಿದ್ದೇ ನಮ್ಮ ಕಟ್ಟೆಯಲ್ಲಿ ಎಂದು ಊರಿನವರಿಗೆ ಒಂದು ಹೆಮ್ಮೆ. ಒಂದು ಬೆಳಿಗ್ಗೆ ಶಾಂಭವಿ ಅದನ್ನೇ ಮಾಡಿದಳು. ತಟ್ಟೆಯಲ್ಲಿ ಕೂತವಳಿಗೆ ಬೋರಣ್ಣ ಕಲ್ಲು ಎತ್ತಿಡುವುದನ್ನು ನೋಡುತ್ತಾ ಕಣ್ಣು ತುಂಬಿತು.

"ನಿಮಗೆ ಕೇಳಿಸಲ್ಲ ಅಂತ ಗೊತ್ತು ಬೋರಣ್ಣ, ಆದರೂ ಹೇಳ್ತೀನಿ. ಗಂಡು ಗೀಜಗ ಅಷ್ಟು ಕಷ್ಟಪಟ್ಟು ಅರ್ಧ ಗೂಡು ನೇಯುತ್ತೆ. ಹೆಣ್ಣು ಬಂದು ಒಳಗೆಲ್ಲ ನೋಡಿ, ಬೇಡ ಅಂತ ಹಾರಿಹೋಗುತ್ತೆ. ಅದು ಆ ಗೂಡು ಬಿಟ್ಟು ಇನ್ನೊಂದು ಶುರು ಮಾಡುತ್ತೆ. ನನಗೆ ಇನ್ನೊಂದು ಶುರು ಮಾಡೋಕೆ ಆಗಲ್ಲ ಬೋರಣ್ಣ. ನಾಳೆಯಿಂದ ನಾನು ಬರಲ್ಲ."

ಬೋರಣ್ಣ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟ. ಆಮೇಲೆ ನಿಧಾನವಾಗಿ ಬಲಗಿವಿಯ ಹತ್ತಿ ಕಿತ್ತ.

"ಯಾಕವ್ವ ಬ್ಯಾಡ ಅಂತದೆ ಹೆಣ್ಣು?"

ಸೋಡಾದ ಗೋಲಿ ಒತ್ತುತ್ತಿದ್ದ ನನ್ನ ಹೆಬ್ಬೆರಳು ಅಲ್ಲೇ ನಿಂತಿತು. ಹೂ ಮಾರುವ ಸಾಕಮ್ಮ ಮಾಲೆ ಕಟ್ಟುವುದನ್ನು ಬಿಟ್ಟಳು. ಕಟ್ಟೆಯಲ್ಲಿ ಬೋರಣ್ಣ ಬಾಯಿ ಬಿಟ್ಟದ್ದನ್ನು ನಾವು ಯಾರೂ ಕೇಳಿರಲಿಲ್ಲ. ಶಾಂಭವಿ ಕಣ್ಣೊರೆಸಿಕೊಂಡು, ಕೊಂಬೆ ಸರಿಯಿಲ್ಲದಿದ್ದರೆ, ಕೆಳಗೆ ನೀರಿಲ್ಲದಿದ್ದರೆ, ಗಾಳಿಗೆ ಎದುರಾಗಿದ್ದರೆ ಹೆಣ್ಣು ಒಪ್ಪುವುದಿಲ್ಲ ಎಂದು ವಿವರಿಸಿದಳು. "ಗಂಡು ಹಕ್ಕೀಗೆ ಮನೆ ಕಟ್ಟೋ ಬುದ್ಧಿ ಇದೆ. ನಮ್ಮ ಮನೆಯವರಿಗೆ ಸೋರೋ ಹೆಂಚು ಸರಿಸೋಕೂ ಬರಲ್ಲ" ಎಂದಳು ಸಾಕಮ್ಮ.

ಮರುದಿನ ಬರುವುದಿಲ್ಲ ಎಂದವಳು ಬಂದಳು. ಬೋರಣ್ಣ ಅವಳಿಗಾಗಿಯೇ ಎರಡೂ ಕಿವಿ ತೆರೆದು ಕಾದಿದ್ದ. ಅವನ ಬಾಯಲ್ಲಿ 'ಯಾಕೆ' ಎಂಬುದು ಹೊಸದಾಗಿ ಮೊಳೆತಿತ್ತು, ಅದಕ್ಕೆ ಕೊನೆಯೇ ಇರಲಿಲ್ಲ. ಗಾಳಿಗೆ ಎದುರು ಯಾಕೆ ಬೇಡ ಎಂದ, ಗಾಳಿ ಎಲ್ಲಿಂದ ಬರುತ್ತದೆ ಎಂದ, ಮಳೆ ಅದರ ಬೆನ್ನು ಹತ್ತಿ ಯಾಕೆ ಬರುತ್ತದೆ ಎಂದ. ಹಕ್ಕಿಯಿಂದ ಮರಕ್ಕೆ, ಮರದಿಂದ ಮಣ್ಣಿಗೆ, ಗೂಡಿನ ತೂಗಾಟದಿಂದ ಲೆಕ್ಕಕ್ಕೆ, ಲೆಕ್ಕದಿಂದ ಅಂಕಿಗೆ ಅವಳು ಇಳಿಯುತ್ತಾ ಹೋದಳು. ಸಂಶೋಧನೆಯಿಂದ ಹಿಡಿದು ಒಂದನೆಯ ತರಗತಿಯವರೆಗೆ ತಾನು ಕಲಿತದ್ದನ್ನೆಲ್ಲ ನೂಲುಂಡೆಯಂತೆ ಬಿಚ್ಚಬೇಕಾಯಿತು. ಹಾಗೆ ಬಿಚ್ಚುತ್ತಾ ಅವಳಿಗೇ ಕೊನೆಯ ಅಧ್ಯಾಯ ಸ್ಪಷ್ಟವಾಗತೊಡಗಿತ್ತು. ಪಾಠ ಹೆಚ್ಚು ಹೊತ್ತು ನಡೆಯಲಿ ಎಂದು ಬೋರಣ್ಣ ಕಲ್ಲನ್ನು ಆಮೆಯ ಹಾಗೆ ಎತ್ತಿಡುತ್ತಿದ್ದ. ಸಾಲಿನಲ್ಲಿ ನಿಂತವರು ಮೊದಲು ಗೊಣಗಿದರು, ಆಮೇಲೆ ಸೋಡಾ ಕುಡಿಯುತ್ತಾ ಕೇಳಿದರು. ನನಗೆ ಒಳ್ಳೆಯ ವ್ಯಾಪಾರ. ನಾನೂ ಕೇಳುತ್ತಿದ್ದೆ ಅನ್ನಿ. ಅಂಗಡಿ ಅಲ್ಲೇ ಇರುವಾಗ ಕಿವಿ ಎಲ್ಲಿಗೆ ಹೋಗುತ್ತದೆ?

ಮಡಿಲಿನ ಕಲ್ಲು ಕಡಿಮೆಯಾಗುತ್ತಾ ಬಂದದ್ದನ್ನು ಯಾರೂ ಗಮನಿಸಲಿಲ್ಲ. ಒಂದು ದಿನ ಬೋರಣ್ಣ ಮುಖ ಸಣ್ಣದು ಮಾಡಿಕೊಂಡು ನನ್ನ ಅಂಗಡಿಗೆ ಬಂದ.

"ಶಾಮಣ್ಣ, ನನ್ ಮಂಚದ ಹುರಿ ಕಿತ್ತೋಯ್ತು."

"ಹಳೇ ಹುರಿ ಇರಬೇಕು ಬಿಡು."

"ಹೋದ ತಿಂಗಳು ಹಾಕ್ಸಿದ್ದು. ನಾನು ಭಾರ ಆಗಿವ್ನಿ ಶಾಮಣ್ಣ. ನಮ್ಮಪ್ಪ, ನಮ್ ತಾತ ಯಾರೂ ಹಿಂಗೆ ಆಗಿರ್ಲಿಲ್ಲ. ಗೊತ್ತಾದ್ರೆ ಮನೆ ಕಿತ್ಕೋತಾರೆ."

ಸೋಡಾ ಕುಡಿಯಲು ಬಂದು ನಿಂತಿದ್ದ ಶಾಂಭವಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಮುಖ ಕಪ್ಪಿಟ್ಟಿತು. ಮರುದಿನ ತಟ್ಟೆಯಲ್ಲಿ ತುಟಿ ಬಿಗಿದು ಕೂತಳು.

"ಇದೇನವ್ವ, ಇವತ್ತು ಹಕ್ಕಿ ಎಲ್ಲೋಯ್ತು?" ಎಂದ ಬೋರಣ್ಣ.

"ಬೇಡ ಬೋರಣ್ಣ. ನನ್ನ ಓದಿಗಾಗಿ ನಿಮ್ಮ ಮನೆ ಹೋಗೋದು ಬೇಡ. ನಾನು ಕಲ್ಲೇ ಹೊರ್ತೀನಿ, ಆದಷ್ಟು ದಿನ. ನೀವು ಹತ್ತಿ ಇಟ್ಕೊಳ್ಳಿ."

ಬೋರಣ್ಣ ಹತ್ತಿಯನ್ನು ಅಂಗೈಯಲ್ಲಿ ಹಿಡಿದು ಸುಮ್ಮನೆ ನೋಡಿದ. "ಗೀಜಗ ಗೂಡೊಳಕ್ಕೆ ಮಣ್ಣು ತಂದು ಮೆತ್ತುತ್ತೆ ಅಂದೆ. ಯಾಕೆ ಅಂತ ಹೇಳ್ದೆ ನಿಲ್ಸಿದ್ದೀಯ. ಅದೇ ಯೋಚ್ನೇಲಿ ಮುದ್ದೆ ಗಂಟಲಲ್ಲಿ ಇಳೀಲಿಲ್ಲ ನಂಗೆ. ನಮ್ ವಂಶನೇ ಈ ತಟ್ಟೇಲಿ ಕೂರ್ಸಿ ಕೂರ್ಸಿ ಕಲ್ಲು ಮಾಡವ್ರೆ. ಕಲ್ಲಿಗೂ ಒಂದು ಆಸೆ ಇರ್ತದೆ ಕಣವ್ವ. ಮನೆ ವಿಚಾರ ಆಮ್ಯಾಕೆ. ನೀನು ಹೇಳು" ಎಂದವನೇ ಹತ್ತಿಯನ್ನು ಹೊಳೆಗೆ ಎಸೆದ.

ಅಷ್ಟು ವರ್ಷ ಪಕ್ಕದಲ್ಲೇ ಕೂತಿದ್ದ ಮನುಷ್ಯನಿಗೆ ಒಂದು ಕತೆಯನ್ನಾದರೂ ಹೇಳೋಣ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

"ಯಾಕೆ ಅಂತ ಖಚಿತವಾಗಿ ಯಾರಿಗೂ ಗೊತ್ತಿಲ್ಲ ಬೋರಣ್ಣ. ಅದೇ ನನ್ನ ಕೊನೇ ಅಧ್ಯಾಯ" ಎಂದಳು ಶಾಂಭವಿ. "ನಾನು ನೋಡಿದ್ದು ಇಷ್ಟು. ಮಣ್ಣು ಮೆತ್ತಿದ ಗೂಡು ಗಾಳಿಗೆ ಅಷ್ಟು ತೂಗಾಡಲ್ಲ. ಮೊಟ್ಟೆ ಉರುಳಿ ಬೀಳಲ್ಲ. ಒಂಚೂರು ಭಾರ ಇದ್ದರೇನೇ ಅದು ನಿಲ್ಲೋದು."

"ಹಂಗಾರೆ ಭಾರ ಒಳ್ಳೇದೇ ಅನ್ನು" ಎಂದ ಬೋರಣ್ಣ. ಅವತ್ತು ಅವನ ಮಡಿಲಿಗೆ ಒಂದೂ ಕಲ್ಲು ಬೀಳದೆ ತಕ್ಕಡಿ ಸಮವಾಗಿ ನಿಂತಿತು. ಶಾಂಭವಿ ಎದ್ದು ಸೇತುವೆಯ ಮೇಲೆ ಓಡಿದಳು. ಗಡಿಯಾರದ ಗೋಪುರ ಇನ್ನೂ ಬೆಳಗಿನ ಗಂಟೆಯನ್ನೇ ಹೊಡೆಯುತ್ತಿತ್ತು.

ಹಾಗೆ ಓಡಿ ಓಡಿ ಅವಳು ಬರವಣಿಗೆ ಮುಗಿಸಿದಳು. ವಕೀಲರಿಗೂ ಡಾಕ್ಟರಿಗೂ ಕಲ್ಲು ಇಳಿಯಿತು. ಅವರು ವಯಸ್ಸಾದಂತೆ ಮರೆವು ಬಂದಿರಬೇಕು ಎಂದು ಸುಮ್ಮನಾದರು. ಅಧ್ಯಕ್ಷರ ಕಮಾನು ಮಾತ್ರ ಮಂಡಿ ಎತ್ತರಕ್ಕೆ ಬಂದು ನಿಂತಿತು. "ಹೆಣ್ಣು ಹಕ್ಕಿ ಒಪ್ಪಲಿಲ್ಲ ಅಂತ ಕಾಣ್ತದೆ" ಎಂದು ಬೋರಣ್ಣ ನನ್ನ ಕಿವಿಯಲ್ಲಿ ಹೇಳಿದ.

ಗ್ರಹಚಾರ ನೋಡಿ. ಶಾಂಭವಿಯ ಪರೀಕ್ಷೆಯ ದಿನವೇ ಚನ್ನಮಲ್ಲಪ್ಪನವರು ಕಟ್ಟೆಗೆ ಬಂದಿಳಿದರು. ಆಚೆ ದಡದಲ್ಲಿ ಪಂಡಿತರು ಬಂದು ಕೂತಿದ್ದರು. ಈಚೆ ದಡದಲ್ಲಿ ಅವಳು ಅಮ್ಮನ ಹಸಿರು ರೇಷ್ಮೆ ಸೀರೆ ಉಟ್ಟು ಸಾಲಿನ ಮುಂದೆ ನಿಂತಿದ್ದಳು. ಅಧ್ಯಕ್ಷರು ಕೋಲು ಅಡ್ಡ ಹಿಡಿದರು.

"ಸುಂಕ ಯಾಕೆ ಬರ್ತಾ ಇಲ್ಲ? ಈ ಬೋರ ಏನೋ ಕಲಿತುಕೊಂಡಿದ್ದಾನೆ. ಅವನನ್ನೇ ತೂಗಬೇಕು. ಈ ಊರಲ್ಲಿ ಏನೂ ಕಲಿಯದವನು ಇನ್ಯಾರಿದ್ದಾನೆ?" ಎಂದು ಸುತ್ತ ನೋಡಿದವರ ಕಣ್ಣು ನನ್ನ ಮೇಲೆ ನಿಂತಿತು. "ಸೋಡಾ ಶಾಮಣ್ಣ! ಹತ್ತನೇ ಕ್ಲಾಸ್ ಫೇಲ್. ಬಾರಯ್ಯ, ಕೂತ್ಕೋ. ಬೋರನ ತಟ್ಟೆ ಇಳೀತೋ, ಅವನ ಮನೆಗೆ ಬೀಗ. ಇವಳಿಗೆ ಹಿಂದಿನ ಬಾಕಿ ಕಲ್ಲೆಲ್ಲ ಸೇರಿಸಿ ಇವತ್ತೇ."

ಹಿಂದಿನ ಬಾಕಿ ಹೊರುವಷ್ಟರಲ್ಲಿ ಪಂಡಿತರು ಊರು ಬಿಟ್ಟಿರುತ್ತಿದ್ದರು, ಗುರುಗಳು ಕೆಲಸ ಬಿಟ್ಟಿರುತ್ತಿದ್ದರು. ಆ ಹುಡುಗಿಯ ಓದು, ಬೋರಣ್ಣನ ಸೂರು ಎರಡೂ ನನ್ನ ಹಗುರತನದಿಂದ ಹಾಳಾಗುತ್ತವಲ್ಲ! ದೇವರೇ, ಒಂದು ಹಿಡಿ ಮರಳಾದರೂ ಇರಬಾರದಿತ್ತೇ ಎಂದುಕೊಂಡೆ. ಇದ್ದರೂ ಆ ತಕ್ಕಡಿ ಮರಳಿಗೆ ಮೋಸಹೋಗುವಂಥದ್ದಲ್ಲ. ಕಣ್ಣು ಮುಚ್ಚಿ ಕೂತೆ.

ತಟ್ಟೆ ಒಮ್ಮೆ ಮೇಲೆ ಹೋಯಿತು, ಒಮ್ಮೆ ಕೆಳಗೆ ಬಂದಿತು. ಆಮೇಲೆ ನಿಂತಿತು. ಕಣ್ಣು ಬಿಟ್ಟರೆ ಬೋರಣ್ಣನ ಕಣ್ಣು ನನ್ನ ಕಣ್ಣಿಗೆ ಸರಿಸಮ ಎದುರಿಗಿತ್ತು. ಸಾಕಮ್ಮನನ್ನು ಕೂರಿಸಿದರು, ಸಮ. ಶಾಂಭವಿಯನ್ನೂ ಕೂರಿಸಿದರು, ಸಮ.

ಅಧ್ಯಕ್ಷರು ಗಡ್ಡ ಕೆರೆದುಕೊಂಡರು. "ಬೋರ ಹತ್ತನೇ ಕ್ಲಾಸ್ ಫೇಲಾದವನಿಗೆ ಸಮ. ಅಂದರೆ ಬೋರ ಏನೂ ಕಲಿತಿಲ್ಲ, ತಕ್ಕಡಿ ಸರಿಯಾಗೇ ಇದೆ. ಆದರೂ..." ಎನ್ನುತ್ತಾ ಅವರೇ ತಟ್ಟೆಯ ಕಡೆ ಒಂದು ಕಾಲು ಎತ್ತಿದರು. ಅವರು ಕೂತರೆ ತಟ್ಟೆ ಆಕಾಶಕ್ಕೆ, ನಮ್ಮ ಗುಟ್ಟು ಬೀದಿಗೆ.

ಸಾಕಮ್ಮ ಹೂವಿಗೆ ನೀರು ಚಿಮುಕಿಸುತ್ತಾ, "ಕೂತ್ಕೊಳ್ಳಿ ಬುದ್ಧಿ. ಆದರೆ ತಟ್ಟೆ ಮೇಲಕ್ಕೆ ಹೋದರೆ ಸಾಲಲ್ಲಿ ನಿಂತ ಜನ ಏನಂದುಕೊಂಡಾರೋ" ಎಂದಳು.

ಎತ್ತಿದ ಕಾಲು ಹಾಗೇ ಇಳಿಯಿತು. ಅಧ್ಯಕ್ಷರು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಶಾಂಭವಿಯ ಕಡೆ ತಿರುಗಿದರು. "ಇಷ್ಟು ವರ್ಷ ಕೂತು ಓದಿ ಸೋಡಾದವನಷ್ಟೇ ತೂಗ್ತೀಯಲ್ಲಮ್ಮ! ಸಂಶೋಧನೆ ಅಂದರೆ ಬರೀ ಗಾಳಿ. ಗಾಳಿಗೆ ಯಾರು ಸುಂಕ ಹಾಕ್ತಾರೆ? ಮುಂದಿನ ಸಭೇಲಿ ತೆಗೆದುಹಾಕಿಸ್ತೀನಿ. ಹೋಗು, ಹೋಗು."

ಬಿರಿದ ಅಂಗೈಗಳನ್ನು 'ಬರೀ ಗಾಳಿ' ಎಂದದ್ದು ನನಗೇ ಚುಚ್ಚಿತು, ಅವಳಿಗೆ ಹೇಗಾಗಿರಬೇಡ. ಆದರೆ ಅವಳು ತಲೆ ಬಗ್ಗಿಸಿ, "ಹೌದು ಸಾರ್, ಏನೂ ಇಲ್ಲ ನನ್ನಲ್ಲಿ" ಎಂದು ನಮಸ್ಕಾರ ಮಾಡಿದಳು. ನೆರಿಗೆ ಎತ್ತಿ ಹಿಡಿದು ಸೇತುವೆ ಹತ್ತಿದಳು. ಬೋರಣ್ಣ ತಟ್ಟೆಯಲ್ಲೇ ಎದ್ದು ನಿಂತು, "ಮಣ್ಣಿನ ವಿಷಯ ಗಟ್ಟಿಯಾಗಿ ಹೇಳವ್ವ, ಹೆದರಬ್ಯಾಡ!" ಎಂದು ಕೂಗಿದ. ಅಷ್ಟರಲ್ಲಿ ಅಧ್ಯಕ್ಷರ ಗಾಡಿ ತಿರುವು ದಾಟಿತ್ತು, ನಮ್ಮ ಪುಣ್ಯ.

ಪಂಡಿತರು ಕೇಳಿದ ಪ್ರಶ್ನೆಗಳನ್ನೆಲ್ಲ ಬೋರಣ್ಣ ಮೊದಲೇ ಕೇಳಿ ಮುಗಿಸಿದ್ದನಂತೆ. ಸಂಜೆ ಪದವಿ ಗೆದ್ದು ಬಂದವಳು ಕಾಲೇಜಿನವರು ಹಾಕಿದ ಹಾರವನ್ನು ತೆಗೆದು ಬೋರಣ್ಣನ ಕೊರಳಿಗೆ ಹಾಕಿದಳು. ಅವನು ಅದನ್ನು ಮುಟ್ಟಿ ನೋಡಿ, ಈ ಹೂವಿಗೆ ಸಂಜೆಯೇ ಯಾಕೆ ವಾಸನೆ ಹೆಚ್ಚು ಎಂದು ಕೇಳಿದ.

ನಾನು ಅಂಗಡಿ ಮುಚ್ಚಿ ಮನೆಗೆ ಹೋದೆ. ಜಲಜ ಮುದ್ದೆ, ಸಾರು ಬಡಿಸಿ, ಊಟಕ್ಕೆ ಹಳೆಯ ಮಣೆ ಹಾಕಿದ್ದಳು. ನಮ್ಮ ಮದುವೆಯದೇ ಮಣೆ. ನಾನು ಕೂತೆ. ಕಿರ್ ಎಂದಿತು.

ಜಲಜ ಸೌಟು ಹಿಡಿದು ತಿರುಗಿ ನೋಡಿದಳು. "ಇದೇನ್ರೀ, ಈ ವಯಸ್ಸಲ್ಲಿ ಮತ್ತೆ ಮರಳು ಕಟ್ಕೊಂಡ್ರಾ?"

ನಾನು ಅಂಗಿ ಎತ್ತಿ ಬರಿ ಸೊಂಟ ತೋರಿಸಿದೆ. ಅವಳು ಹತ್ತಿರ ಬಂದು ಮುಟ್ಟಿ ನೋಡಿದಳು. ಮಣೆಯನ್ನು ನೋಡಿದಳು, ನನ್ನ ಮುಖ ನೋಡಿದಳು.

"ನೀನೂ ಒಂದು ಮಣೆ ಹಾಕ್ಕೊಂಡು ಕೂತ್ಕೋ ಜಲಜ" ಎಂದೆ. "ಒಂದು ಹಕ್ಕಿ ಇದೆ. ಗೀಜಗ ಅಂತ."